ಖಾಲಿ ಜಾಗದ ಚರಿತ್ರೆ

ಬೆಂಗಳೂರಿನಂಥ ಊರಿನಲ್ಲಿ ಇಂದು ಅತ್ಯಂತ ಬೆಲೆಬಾಳುವ ವಸ್ತು ಯಾವುದೆಂದು ಯಾರಾದರೂ ಕೇಳಿದರೆ, ಮೇಲೆ ಏನೂ ಇಲ್ಲದ ನೆಲ ಎಂದೇ ಹೇಳಬೇಕಾದೀತು. ಹಳೆಯ ಮನೆಯೊಂದನ್ನು ಕೊಳ್ಳಲು ಬಂದವನು ಕೂಡ ಅದರ ತೊಲೆ, ಜಂತಿ, ಪಡಸಾಲೆಗಳ ಕಡೆ ಕಣ್ಣು ಹಾಯಿಸುವುದಿಲ್ಲ. ಅದನ್ನೆಲ್ಲ ಕೆಡವಿದ ಮೇಲೆ ಉಳಿಯುವ ಚದರಡಿಗಳ ಲೆಕ್ಕ ಹಾಕುತ್ತಾನೆ. ಕೋಟೆಗೆ, ಅರಮನೆಗೆ, ದೇವಾಲಯಕ್ಕೆ ಚರಿತ್ರೆ ಬರೆದವರು ನಮ್ಮಲ್ಲಿ ಅನೇಕರಿದ್ದಾರೆ. ಖಾಲಿ ಜಾಗಕ್ಕೆ ಚರಿತ್ರೆ ಬರೆದವರು ವಿರಳ. ಏನೂ ಇಲ್ಲದ ಕಡೆ ಏನು ಚರಿತ್ರೆ ಎಂಬ ಭಾವನೆ ಇದಕ್ಕೆ ಕಾರಣವಿದ್ದೀತು. ಆದರೆ ಒಂದು ನೆಲವನ್ನು ಖಾಲಿ ಎಂದು ಕರೆಯುವುದಕ್ಕೆ ಮೊದಲು ಅಲ್ಲಿ ಏನೇನೋ ನಡೆದಿರುತ್ತದೆ; ಯಾರೋ ಅಲ್ಲಿಂದ ಹೊರಟುಹೋಗಿರುತ್ತಾರೆ, ಅಥವಾ ಹೋಗುವಂತೆ ಆಗಿರುತ್ತದೆ. ಆ ಸಂಗತಿಯನ್ನು ಕುರಿತು ಒಂದೆರಡು ಮಾತುಗಳನ್ನು ಹೇಳಬೇಕೆಂದು ನನ್ನ ಉದ್ದೇಶ.

ಮೊದಲಿಗೆ ಮಾತನ್ನೇ ನೋಡೋಣ. 'ಖಾಲಿ' ನಮ್ಮ ಮಾತಲ್ಲ. ಅರಬ್ಬಿಯಿಂದ ಪಾರಸಿಗೆ, ಪಾರಸಿಯಿಂದ ಹಿಂದೂಸ್ತಾನಿಗೆ, ಅಲ್ಲಿಂದ ಕಚೇರಿಯ ಮೆಟ್ಟಿಲು ಹತ್ತಿ ನಮ್ಮ ಬಾಯಿಗೆ ಬಂದದ್ದು. ಕನ್ನಡಕ್ಕೆ ಈ ಅರ್ಥದ ಹತ್ತಿರ ಸುಳಿಯುವ ಪದಗಳು ಹಲವಿದ್ದರೂ ಅವು ಯಾವುವೂ ಖಾಲಿಗೆ ಸಮನಲ್ಲ. ಬಯಲು ಎಂದರೆ ತೆರೆದದ್ದು, ತಡೆಯಿಲ್ಲದ್ದು. ವಚನಕಾರರ ಕೈಯಲ್ಲಿ ಆ ಪದ ಎಷ್ಟು ಎತ್ತರಕ್ಕೆ ಹೋಯಿತೆಂಬುದನ್ನು ಈ ಕೇಳುಗರಿಗೆ ನಾನು ಹೇಳಬೇಕಾಗಿಲ್ಲ. ಬೀಳು ಎಂದರೆ ಉಳುಮೆ ನಿಂತ ಹೊಲ. ಅದಕ್ಕೊಬ್ಬ ಒಡೆಯನಿದ್ದಾನೆ, ಅವನಿಗೆ ಎತ್ತಿಲ್ಲದೆಯೋ ಮಳೆಯಿಲ್ಲದೆಯೋ ಅದು ಈ ವರ್ಷ ಹಾಗಿದೆ, ಮುಂದಿನ ವರ್ಷ ಎದ್ದೀತು ಎಂಬ ಭರವಸೆ ಆ ಮಾತಿನಲ್ಲಿದೆ. ಹಾಳು ಎಂದರೆ ಇದ್ದು ಕೆಟ್ಟದ್ದು. ಹಾಳೂರು, ಹಾಳುಗೋಡೆ, ಹಾಳುಬಾವಿ ಎನ್ನುವಾಗ ಹಿಂದಿನ ಬಾಳಿನ ನೆನಪು ಅದಕ್ಕೆ ಅಂಟಿಕೊಂಡೇ ಇರುತ್ತದೆ. ಖಾಲಿ ಎಂಬುದಕ್ಕೆ ಮಾತ್ರ ಹಿಂದೂ ಇಲ್ಲ, ಮುಂದೂ ಇಲ್ಲ. ತುಂಬುವವನಿಗಾಗಿ ಕಾದಿರುವ ಪಾತ್ರೆಯಂತೆ ಅದು ನೆಲವನ್ನು ತೋರಿಸುತ್ತದೆ.

ಇದಕ್ಕೆ ಅಣ್ಣನೆನ್ನಬಹುದಾದ ಇನ್ನೊಂದು ಮಾತು 'ಖರಾಬು'. ಮೈಸೂರು ಸೀಮೆಯಲ್ಲಿ ಇಂಗ್ಲಿಷ್ ಕಮಿಷನರುಗಳ ಆಡಳಿತ ನಡೆಯುತ್ತಿದ್ದಾಗ, 1863ರಲ್ಲಿ, ಮುಂಬಯಿ ಪ್ರಾಂತದ ಮಾದರಿಯ ಭೂಮಾಪನ ಆರಂಭವಾಯಿತು. ಸರಪಳಿ ಹಿಡಿದು ಊರೂರನ್ನು ಅಳೆದರು. ಪ್ರತಿ ತುಂಡಿಗೂ ಒಂದು ನಂಬರು, ಇಷ್ಟು ಎಕರೆ, ಇಷ್ಟು ಗುಂಟೆ ಎಂದು ನಮೂದಾಯಿತು. ಅಳೆದ ಉದ್ದೇಶ ಕಂದಾಯ. ಆದ್ದರಿಂದ ಯಾವ ನೆಲದಿಂದ ಕಂದಾಯ ಹುಟ್ಟಲಾರದೋ ಅದನ್ನು ಕಳೆದು ಬೇರೆಯ ಕಲಮಿನಲ್ಲಿ ತೋರಿಸಬೇಕಾಗಿತ್ತು. ಬಂಡೆ, ಹಳ್ಳ, ಓಣಿ, ಸ್ಮಶಾನ, ಕಟ್ಟೆ, ಕೆರೆ ಎಲ್ಲವೂ ಆ ಕಲಮಿಗೆ ಹೋದವು. ಅದರ ಹೆಸರೇ ಖರಾಬು, ಎಂದರೆ ಕೆಟ್ಟದ್ದು. ಊರಿನ ಪಾಲಿಗೆ ಕೆರೆಗಿಂತ ಒಳ್ಳೆಯ ಜಾಗ ಬೇರಾವುದಿತ್ತು? ಹಾಗಿದ್ದೂ ದಫ್ತರದಲ್ಲಿ ಅದು ಬಂಡೆಯ ಜೊತೆಗೆ, ಕೊರಕಲಿನ ಜೊತೆಗೆ ಕೆಟ್ಟ ನೆಲವಾಗಿ ಕುಳಿತಿತು. ಕೆಟ್ಟದ್ದೆಂಬ ತೀರ್ಪನ್ನು ಕೊಟ್ಟದ್ದು ಖಜಾನೆ. ಊರಿನವರನ್ನು ಯಾರೂ ಕೇಳಲಿಲ್ಲ.

ಮುಂದೆ 1966ರ ಕರ್ನಾಟಕ ಭೂಕಂದಾಯ ನಿಯಮಗಳು ಈ ಖರಾಬನ್ನು ಎರಡಾಗಿ ವಿಂಗಡಿಸಿದವು. ಬಂಡೆ, ಕೊರಕಲು, ಕಣ, ಜಮೀನಿನವನ ಸ್ವಂತ ಕಟ್ಟಡ ಇವುಗಳಿಂದಾಗಿ ಸಾಗುವಳಿಗೆ ಒದಗದ ನೆಲ 'ಅ' ಖರಾಬು. ರಸ್ತೆ, ಕಾಲುದಾರಿ, ಕೆರೆ, ಹಳ್ಳ, ಸ್ಮಶಾನ ಮುಂತಾಗಿ ಸಾರ್ವಜನಿಕರ ಬಳಕೆಗೆ ಮೀಸಲಾದ್ದು 'ಬ' ಖರಾಬು. ಒಂದಕ್ಷರದ ಅಂತರ. ಬೆಂಗಳೂರಿನ ಸುತ್ತ ನಡೆದ, ನಡೆಯುತ್ತಿರುವ ಅದೆಷ್ಟೋ ವ್ಯಾಜ್ಯಗಳು ಈ ಒಂದಕ್ಷರದ ಮೇಲೆ ನಿಂತಿವೆಯೆಂದರೆ ಅತಿಶಯೋಕ್ತಿಯಲ್ಲ.

ಕಂದಾಯದ ಭಾಷೆ ಒಣ ಭಾಷೆಯೆಂದು ನಾವು ಭಾವಿಸುತ್ತೇವೆ. ಅದರಲ್ಲೊಂದು ಪದವನ್ನು ಕಂಡಾಗ ಮಾತ್ರ ನನಗೆ ಪ್ರತಿಸಲವೂ ಮನಸ್ಸು ತುಸು ನಿಲ್ಲುತ್ತದೆ. ಜನವಸತಿಯಿಲ್ಲದ ಗ್ರಾಮವನ್ನು ಅಲ್ಲಿ 'ಬೇಚಿರಾಕ್' ಎಂದು ಬರೆಯುತ್ತಾರೆ. ಚಿರಾಗ್ ಎಂದರೆ ದೀಪ. ಬೇಚಿರಾಕ್ ಎಂದರೆ ದೀಪವಿಲ್ಲದ ಊರು. ಬರ, ಮಾರಿ, ದಂಡಿನ ದಾಳಿ, ಏನೋ ಒಂದು ಕಾರಣದಿಂದ ಜನ ಎದ್ದುಹೋದ ಊರು. ಅದಕ್ಕೂ ಗಡಿಕಲ್ಲುಗಳಿವೆ, ನಕ್ಷೆಯಿದೆ, ಹೆಸರಿದೆ. ಬೆಳಗುವವರು ಮಾತ್ರ ಇಲ್ಲ. ಕಂದಾಯದ ಗುಮಾಸ್ತನ ಲೇಖನಿಯಿಂದ ಇಂಥ ಪದವೂ ಒಮ್ಮೊಮ್ಮೆ ಬೀಳುತ್ತದೆ.

ಇನ್ನು ಬೆಂಗಳೂರಿನ ನೆಲಕ್ಕೆ ಬರೋಣ. ಕೆಂಪೇಗೌಡ 1537ರಲ್ಲಿ ಪೇಟೆಯನ್ನು ಕಟ್ಟಿದನೆಂದು ನಾವೆಲ್ಲ ಓದಿದ್ದೇವೆ. ಆತ ಆರಿಸಿಕೊಂಡ ಜಾಗದಲ್ಲಿ ಹೊಳೆಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆ ಅದು. ಆ ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ; ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುತ್ತದೆ. ಹೊಳೆಯಿಲ್ಲದ ದಿಣ್ಣೆಯ ಮೇಲೆ ಊರು ಬಾಳಬೇಕಾದರೆ ಬಿದ್ದ ನೀರನ್ನು ತಡೆದು ನಿಲ್ಲಿಸಬೇಕು. ಹಾಗಾಗಿ ಒಂದರ ಕೋಡಿ ಇನ್ನೊಂದರ ಬಾಯಿಗೆ ಬೀಳುವಂತೆ ಕಣಿವೆಯುದ್ದಕ್ಕೂ ಕೆರೆಗಳ ಸಾಲು ಬೆಳೆಯಿತು. ಕೆರೆಯೆಂದರೆ ನಾವು ನೀರನ್ನಷ್ಟೇ ನೆನೆಯುತ್ತೇವೆ. ಅದಕ್ಕೆ ನೀರು ತರುವ ಮೇಲಿನ ಬಯಲು, ನೀರು ನಿಲ್ಲುವ ಅಂಗಳ, ಕೆಳಗಿನ ಅಚ್ಚುಕಟ್ಟು, ಈ ಮೂರೂ ಸೇರಿ ಒಂದು ಕೆರೆ. ಅದನ್ನು ನೋಡಿಕೊಳ್ಳಲು ನೀರುಗಂಟಿ. ಕಟ್ಟಿಸಿದವನಿಗೆ, ಕಾಪಾಡಿದವನಿಗೆ ಕಟ್ಟುಗೊಡಗೆಯ ಮಾನ್ಯ.

ಈ ಅಂಗಳದ ಬಗ್ಗೆ ಕೊಂಚ ಹೆಚ್ಚು ಹೇಳಬೇಕು. ನಮ್ಮ ಕೆರೆಗಳು ಮಳೆಯ ಕೆರೆಗಳು. ಅವು ವರ್ಷದ ಕೆಲವು ತಿಂಗಳು ತುಂಬಿರುತ್ತವೆ, ಕೆಲವು ತಿಂಗಳು ಬತ್ತಿರುತ್ತವೆ. ಬತ್ತಿದಾಗ ಕೆರೆ ಸತ್ತಿತೆಂದು ಯಾರೂ ತಿಳಿಯುತ್ತಿರಲಿಲ್ಲ. ಗೋಡುಮಣ್ಣನ್ನು ಗಾಡಿಗೆ ತುಂಬಿ ಹೊಲಕ್ಕೆ ಒಯ್ಯುತ್ತಿದ್ದರು. ಕುಂಬಾರನಿಗೆ ಜೇಡಿಮಣ್ಣು, ಇಟ್ಟಿಗೆ ಕೊಯ್ಯುವವನಿಗೆ ಇಟ್ಟಿಗೆಯ ಮಣ್ಣು ಅಲ್ಲೇ. ಅಂಚಿನ ತೇವದಲ್ಲಿ ಎದ್ದ ಹುಲ್ಲನ್ನು ದನ ಮೇಯುತ್ತಿದ್ದವು. ಉಳಿದ ನೆಲದಲ್ಲಿ ಹುಡುಗರು ಆಡುತ್ತಿದ್ದರು, ಸಂತೆ ಜಾತ್ರೆಗಳೂ ನಡೆದಾವು. ಮಳೆ ಹಿಡಿಯಿತೆಂದರೆ ಎಲ್ಲರೂ ಹಿಂದೆ ಸರಿದು ನೀರಿಗೆ ದಾರಿ ಬಿಡುತ್ತಿದ್ದರು. ಒಂದೇ ನೆಲ ಋತುವಿಗೊಬ್ಬರಂತೆ ನಾಲ್ಕಾರು ಜನರದ್ದು. ಸರ್ವೆಯ ನಕ್ಷೆಗೆ ಇಂಥ ಸರದಿಯ ಒಡೆತನ ಅರ್ಥವಾಗುವುದಿಲ್ಲ. ನಕ್ಷೆಯಲ್ಲಿ ಋತುಗಳಿಲ್ಲ.

ಈ ಏರ್ಪಾಡಿಗೆ ಪೆಟ್ಟು ಬಿದ್ದದ್ದು ದುರುದ್ದೇಶದಿಂದಲ್ಲ. ಒಂದು ಪುಣ್ಯಕಾರ್ಯದಿಂದ ಎಂದೇ ಹೇಳಬೇಕು. ಊರು ಬೆಳೆಯಿತು, ಕೆರೆಗಳು ಮತ್ತೆಮತ್ತೆ ಕೈಕೊಟ್ಟವು, ಇದ್ದ ನೀರು ಕೊಳೆಯತೊಡಗಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ಅರ್ಕಾವತಿಯ ಹೆಸರಘಟ್ಟದಿಂದ ಕೊಳವೆಯ ನೀರು ಬೆಂಗಳೂರಿಗೆ ಬಂತು. ಮುಂದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ. ಆಮೇಲೆ 1974ರಲ್ಲಿ ಸುಮಾರು 100 ಕಿಲೋಮೀಟರ್ ದೂರದಿಂದ ಪಂಪುಗಳ ಬಲದಿಂದ ಮೇಲೇರಿ ಬಂದ ಕಾವೇರಿ. ಮನೆಮನೆಗೆ ನಲ್ಲಿ ಬಂದದ್ದು ಸಣ್ಣ ಸಂಗತಿಯಲ್ಲ. ಕೊಡ ಹೊತ್ತು ನಡೆದ ಹೆಂಗಸರನ್ನು ಕೇಳಿದರೆ ಅದರ ಬೆಲೆ ಗೊತ್ತಾಗುತ್ತದೆ. ಆದರೆ ನಲ್ಲಿಯ ನೀರು ಬಂದ ದಿನದಿಂದ ಊರೊಳಗಿನ ಕೆರೆಗೆ ಕೆಲಸವಿಲ್ಲದಂತಾಯಿತು. ಕೆಲಸ ತಪ್ಪಿದವನನ್ನು ಮನೆಯವರು ನೋಡುವ ದೃಷ್ಟಿ ಬದಲಾಗುವ ಹಾಗೆ, ಊರು ತನ್ನ ಕೆರೆಯನ್ನು ನೋಡುವ ದೃಷ್ಟಿಯೂ ಬದಲಾಯಿತು. ನಿನ್ನೆಯವರೆಗೆ ಜಲನಿಧಿಯಾಗಿದ್ದದ್ದು ಇಂದು ಸೊಳ್ಳೆಯ ತವರು, ಚಳಿಜ್ವರದ ಮೂಲ. ನಾಳೆ ಒಂದು ವಿಶಾಲವಾದ ಖಾಲಿ ಜಾಗ.

ಪೇಟೆಯ ವಾಯವ್ಯದಲ್ಲಿದ್ದ ಧರ್ಮಾಂಬುಧಿ ಕೆರೆಯ ಕಥೆ ಎಲ್ಲರಿಗೂ ಗೊತ್ತಿರುವುದೇ. ಶತಮಾನಗಳ ಕಾಲ ಪೇಟೆಗೆ ನೀರುಣಿಸಿದ ಕೆರೆ ಅದು. ಜೋಲಾರಪೇಟೆಯಿಂದ 1864ರಲ್ಲಿ ದಂಡಿಗೆ ಬಂದ ರೈಲು ಮುಂದೆ ಪೇಟೆಯ ಪಕ್ಕಕ್ಕೂ ಬಂತು. ಹಳಿಗಳ ಏರಿ, ಹೊಸ ಬೀದಿಗಳು, ಹೊಸ ಕಟ್ಟಡಗಳು ಅದಕ್ಕೆ ಹರಿದುಬರುತ್ತಿದ್ದ ನೀರನ್ನು ತಡೆದವು. ಹೆಸರಘಟ್ಟದ ನೀರು ಬಂದ ಮೇಲೆ ಅದನ್ನು ಕೇಳುವವರೇ ಇಲ್ಲವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಅದು ಮೈದಾನ. ಸಭೆ, ವಸ್ತುಪ್ರದರ್ಶನ, ಆಟಗಳ ಜಾಗ. 1960ರ ದಶಕದಲ್ಲಿ ಅಲ್ಲಿ ಬಸ್ ನಿಲ್ದಾಣ ಬಂತು. ಈಗ ಅದರ ಪಕ್ಕದಲ್ಲೇ ನೆಲದೊಳಗೆ ಮೆಟ್ರೋ ರೈಲುಗಳು ಕೂಡುವ ನಿಲ್ದಾಣವಿದೆ. ನಾಡಿನ ನಾಲ್ಕು ಮೂಲೆಯಿಂದ ಬೆಂಗಳೂರಿಗೆ ಬರುವವನು ಮೊದಲು ಕಾಲಿಡುವುದು ಕೆರೆಯ ಅಂಗಳದಲ್ಲಿ. ಏರಿ ಇದ್ದದ್ದರ ನೆನಪಾಗಿ ಹತ್ತಿರದಲ್ಲೊಂದು ಟ್ಯಾಂಕ್ ಬಂಡ್ ರಸ್ತೆ ಉಳಿದಿದೆ. ಇಂಗ್ಲಿಷಿನಲ್ಲಾದರೂ ಉಳಿದಿದೆಯಲ್ಲ ಎಂದು ಸಮಾಧಾನ ಪಡಬೇಕು. ಬಸ್ ನಿಲ್ದಾಣ ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ಪೇಟೆಗೂ ರೈಲಿಗೂ ನಡುವೆ ಅದಕ್ಕಿಂತ ಅನುಕೂಲವಾದ ಜಾಗ ಬೇರೆ ಇರಲಾರದು.

ಧರ್ಮಾಂಬುಧಿ ತಂಟೆತಕರಾರಿಲ್ಲದೆ ಬಯಲಾಯಿತೆಂದು ಮೇಲುನೋಟಕ್ಕೆ ತೋರುತ್ತದೆ. ಸಂಪಂಗಿ ಕೆರೆಯದು ಹಾಗಲ್ಲ. ಅಲ್ಲಿ ಜಗಳ ನಡೆಯಿತು, ಆ ಜಗಳ ಕಡತಗಳಲ್ಲಿ ಉಳಿಯಿತು. ಹರಿಣಿ ನಾಗೇಂದ್ರ ಮತ್ತು ಅವರ ಜೊತೆಗಾರರು ಈಚಿನ ವರ್ಷಗಳಲ್ಲಿ ಆ ಕಡತಗಳನ್ನು ಬಿಚ್ಚಿ ಓದಿ ತಿಳಿಸಿದ್ದಾರೆ. ಈ ಕೆರೆ ಇದ್ದದ್ದು ಪೇಟೆಗೂ ದಂಡುಪ್ರದೇಶಕ್ಕೂ ನಡುವೆ. 1809ರ ವೇಳೆಗೆ ಇಂಗ್ಲಿಷರ ದಂಡು ಹಲಸೂರಿನ ಕಡೆ ನೆಲೆಯೂರಿತ್ತು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದಾಗ ದಂಡುಪ್ರದೇಶ ಬ್ರಿಟಿಷರ ಕೈಯಲ್ಲೇ ಉಳಿಯಿತು. ಹೀಗೆ ಎರಡು ಆಡಳಿತಗಳ ಗಡಿಯಲ್ಲಿ ಸಿಕ್ಕಿಕೊಂಡ ಕೆರೆ ಇದು. ಗಡಿಯಲ್ಲಿರುವ ನೆಲದ ಪಾಡು ನಮಗೆ ಗೊತ್ತೇ ಇದೆ: ಹಕ್ಕಿಗೆ ಇಬ್ಬರು, ದುರಸ್ತಿಗೆ ಯಾರೂ ಇಲ್ಲ.

ಈ ಕೆರೆಯನ್ನು ನಂಬಿ ಬಾಳುತ್ತಿದ್ದವರು ಹಲವರು. ಅದರ ನೀರಿನಿಂದ ತೋಟ ಮಾಡುತ್ತಿದ್ದ ವಹ್ನಿಕುಲ ಕ್ಷತ್ರಿಯರು, ಎಂದರೆ ತಿಗಳರು, ಅವರಲ್ಲಿ ಮುಖ್ಯರು. ಬೆಂಗಳೂರಿಗೆ ಸೊಪ್ಪು, ತರಕಾರಿ, ಹೂವು ಬೆಳೆದುಕೊಟ್ಟ ಜನ. ಅಂಗಳದ ಮಣ್ಣಿನಿಂದ ಇಟ್ಟಿಗೆ ಮಾಡುತ್ತಿದ್ದವರು ಇನ್ನೊಂದು ಗುಂಪು. ಇಟ್ಟಿಗೆಯವರು ತೋಡಿದ ಗುಂಡಿಗಳಿಂದ ಆರೋಗ್ಯಕ್ಕೆ ಕೇಡೆಂದು ಮೊದಲು ಅವರನ್ನು ತಡೆದರು. ಅದೇ ಇಟ್ಟಿಗೆಯಿಂದ ಸುತ್ತಲ ಕಟ್ಟಡಗಳು ಎದ್ದದ್ದು ಬೇರೆ ಮಾತು. ಆಮೇಲೆ ತೋಟಗಾರರ ಸರದಿ. ಕೆರೆಯಲ್ಲಿ ನೀರು ನಿಲ್ಲಬೇಕೆಂದು ಅವರ ಬೇಡಿಕೆ. ನೀರು ನಿಂತರೆ ತಮ್ಮ ಆವರಣಕ್ಕೆ ನುಗ್ಗುತ್ತದೆಂದು ಅಂಚಿನಲ್ಲಿ ಬಂಗಲೆ ಕಟ್ಟಿಕೊಂಡವರ ದೂರು. ಒಣಗಿದ ಅಂಗಳ ದಂಡಿನವರ ಪೋಲೋ ಆಟಕ್ಕೆ ಹೇಳಿಮಾಡಿಸಿದಂತಿತ್ತು. ನಲ್ಲಿಯ ನೀರು ಬಂದಿರದಿದ್ದರೆ ಬಂಗಲೆಯವರಿಗೂ ಆ ಕೆರೆ ಬೇಕಾಗುತ್ತಿತ್ತು. ಆಗ ತೋಟಗಾರರ ಮಾತಿಗೆ ಬೆಂಬಲವಿರುತ್ತಿತ್ತು. ನಲ್ಲಿ ಬಂದ ಮೇಲೆ ಅವರು ಒಂಟಿಯಾದರು. ಅರ್ಜಿಗಳು ಹೋದವು, ವರದಿಗಳು ಬಂದವು. ಕಡೆಗೆ ಒಣ ನೆಲ ಬೇಕೆಂದವರ ಮಾತು ಗೆದ್ದಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ತೋಟಗಾರರಿಗೆ ಆ ಕೆರೆಯ ಮೇಲೆ ಇದ್ದದ್ದು ಬಳಕೆಯ ಹಕ್ಕು, ಪತ್ರವಿಲ್ಲ, ಮೊಹರಿಲ್ಲ. ಬಂಗಲೆಯವರಿಗೆ ಪತ್ರವಿತ್ತು. ಎಲ್ಲರೂ ಬಳಸುವ ನೆಲ ಯಾರ ಹೆಸರಿನಲ್ಲೂ ಇರುವುದಿಲ್ಲ. ಯಾರ ಹೆಸರಿನಲ್ಲೂ ಇಲ್ಲದ್ದನ್ನು ಸರ್ಕಾರದ್ದೆಂದು ಬರೆದುಕೊಳ್ಳುವುದು ಸುಲಭ. ಸರ್ಕಾರದ್ದೆಂದು ಆದ ಮೇಲೆ ಖಾಲಿಯೆಂದು ಕರೆಯುವುದು ಇನ್ನೂ ಸುಲಭ.

ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಿಂದ ಆ ಬಯಲು ಕ್ರೀಡಾಂಗಣವಾಯಿತು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಅದನ್ನು ಹೊಸದಾಗಿ ಕಟ್ಟಿದರು. ಅದೇ ಇಂದಿನ ಕಂಠೀರವ ಕ್ರೀಡಾಂಗಣ. ಆ ಕೂಟದ ಆಟಗಾರರು ತಂಗುವುದಕ್ಕೆಂದು ಕಟ್ಟಿದ ವಸತಿಗಳೂ ಕೋರಮಂಗಲದ ಇನ್ನೊಂದು ಕೆರೆಯ ನೆಲದಲ್ಲೇ ಎದ್ದವೆಂಬುದು ಕಾಕತಾಳೀಯವೆನ್ನಲು ನನಗೆ ಮನಸ್ಸು ಬಾರದು. ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿ ಕ್ರೀಡಾಂಗಣವಾಯಿತು, ಶೂಲೆ ಕೆರೆ ಫುಟ್‌ಬಾಲಿಗೆ ಸಂದಿತು, ಚಲ್ಲಘಟ್ಟದ್ದು ಗಾಲ್ಫಿಗೆ. ಕೋಟೆಗೂ ಪೇಟೆಗೂ ನಡುವಿನ ಸಿದ್ಧಿಕಟ್ಟೆ ಮಾತ್ರ ಹೊಟ್ಟೆಯ ಕೆಲಸಕ್ಕೆ ಒದಗಿ 1921ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯಾಯಿತು. ಕೆರೆಯ ಅಂಗಳ ಸಮತಟ್ಟಾಗಿರುತ್ತದೆ, ಊರ ನಡುವೆ ಇರುತ್ತದೆ, ಪರಿಹಾರದ ಹಣ ಕೊಡಬೇಕಾದ್ದಿಲ್ಲ. ಇಷ್ಟು ಅನುಕೂಲವಿರುವ ನೆಲ ಎಂಜಿನಿಯರಿನ ಕಣ್ಣಿಗೆ ಬೀಳದಿರುವುದುಂಟೆ?

ಸಂಪಂಗಿ ಕೆರೆ ಪೂರ್ತಿ ಅಳಿಯಲಿಲ್ಲ. ಒಂದು ಮೂಲೆಯಲ್ಲಿ ಸಣ್ಣ ಕೊಳದಷ್ಟು ಉಳಿದಿದೆ. ಉಳಿಸಿದ್ದು ಕರಗ. ಚೈತ್ರದ ಹುಣ್ಣಿಮೆಗೆ ಧರ್ಮರಾಯನ ಗುಡಿಯಿಂದ ಹೊರಡುವ ಬೆಂಗಳೂರು ಕರಗ ಇದೇ ತಿಗಳ ಜನರ ಉತ್ಸವ. ಅದಕ್ಕೆ ಮುಂಚಿನ ಹಸಿಕರಗದ ವಿಧಿಗಳು ಸಂಪಂಗಿ ಕೆರೆಯಲ್ಲಿ ನಡೆಯಬೇಕೆಂಬುದು ಸಂಪ್ರದಾಯ. ಅರ್ಜಿ ಬರೆದು ಸೋತ ತೋಟಗಾರರು ಹಬ್ಬ ಮಾಡಿ ಒಂದು ಕೊಳವನ್ನು ಗೆದ್ದುಕೊಂಡರು. ದಾಖಲೆಯಿಲ್ಲದ ಹಕ್ಕಿಗೆ ನಮ್ಮ ದೇಶದಲ್ಲಿ ದೇವರು ಒಮ್ಮೊಮ್ಮೆ ದಾಖಲೆಯಾಗುತ್ತಾನೆ.

ಜನ ತಾವಾಗಿ ಬಿಟ್ಟುಹೋದ ನೆಲವೇ ಇಲ್ಲವೆ ಎಂದು ಕೇಳಬಹುದು. ಅದೂ ಉಂಟು. 1898ರಲ್ಲಿ ರೈಲಿನ ದಾರಿ ಹಿಡಿದು ಪ್ಲೇಗು ಬೆಂಗಳೂರಿಗೆ ಬಂದಾಗ ಪೇಟೆಯ ಜನ ಬೀಗ ಹಾಕಿ ಊರಾಚೆ ಜೋಪಡಿಗಳಲ್ಲಿ ನೆಲಸಿದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಭಯದ ಬೆನ್ನಿನಲ್ಲಿ. ಅಗಲವಾದ ಬೀದಿ, ಮನೆಯ ಸುತ್ತ ಗಾಳಿಯಾಡುವಷ್ಟು ಅಂಗಳ, ನಡುವೆ ಉದ್ಯಾನ: ನೆಲವನ್ನು ಖಾಲಿ ಬಿಡುವುದೇ ಆರೋಗ್ಯವೆಂದು ನಮ್ಮ ನಗರ ಕಲಿತದ್ದು ಆಗ. ಆ ಅಂಗಳಗಳೂ ಈಗ ಕರಗುತ್ತಿರುವುದನ್ನು ಆ ಬಡಾವಣೆಗಳ ಕೇಳುಗರು ಕಿಟಕಿ ತೆರೆದರೆ ಕಾಣಬಹುದು.

ಊರೊಳಗಿನ ಮಾತಾಯಿತು, ಊರ ಅಂಚಿನದನ್ನು ನೋಡೋಣ. ನಗರ ಬೆಳೆಯುವುದು ಹಳ್ಳಿಗಳ ಮೇಲೆ. ಬೆಂಗಳೂರು ನುಂಗಿದ ಹಳ್ಳಿಗಳಿಗೆಲ್ಲ ಗುಂಡುತೋಪು, ಗೋಮಾಳ, ಓಣಿ, ಸ್ಮಶಾನಗಳಿದ್ದವು. ಇವುಗಳಲ್ಲಿ ಗೋಮಾಳದ ಲೆಕ್ಕ ಬಹಳ ಸ್ವಾರಸ್ಯವಾದದ್ದು. ಊರಿನಲ್ಲಿ ನೂರು ದನಗಳಿಗೆ 30 ಎಕರೆಯಂತೆ ಮೇವಿನ ನೆಲವನ್ನು ಮೀಸಲಿಡಬೇಕೆಂದು ಭೂಕಂದಾಯ ನಿಯಮಗಳು ಹೇಳುತ್ತವೆ. ನೋಡುವುದಕ್ಕೆ ದನದ ಪರವಾದ ನಿಯಮ. ಅದನ್ನೇ ತಿರುಗಿಸಿ ಓದಿ: ದನ ಕಡಿಮೆಯಾದರೆ ಗೋಮಾಳ 'ಹೆಚ್ಚುವರಿ'ಯಾಗುತ್ತದೆ, ಹೆಚ್ಚುವರಿಯಾದದ್ದನ್ನು ಬೇರೆ ಕೆಲಸಕ್ಕೆ ಕೊಡಬಹುದು. ನಗರ ಹತ್ತಿರವಾದಂತೆ ಹೊಲಗಳು ನಿವೇಶನಗಳಾಗುತ್ತವೆ. ಹೊಲ ಹೋದ ಮೇಲೆ ಎತ್ತು ಯಾಕೆ? ಎತ್ತು ಹೋಗುತ್ತದೆ, ಎಮ್ಮೆ ಹೋಗುತ್ತದೆ, ಹಟ್ಟಿ ಬಾಡಿಗೆಯ ಕೋಣೆಯಾಗುತ್ತದೆ. ಆಗ ಅಧಿಕಾರಿ ಬಂದು ದನಗಳನ್ನು ಎಣಿಸುತ್ತಾನೆ. ನೂರಕ್ಕೆ ಇಪ್ಪತ್ತು. ಉಳಿದ ನೆಲ ಯಾರಿಗೂ ಬೇಡವಾದದ್ದೆಂದು ಲೆಕ್ಕವೇ ಹೇಳುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ನಿಯಮ ಮುರಿದಿಲ್ಲ. ದನ ಹೋದದ್ದರಿಂದ ಮೇವುನೆಲ ಹೋಯಿತೋ, ಮೇವುನೆಲ ಹೋಗುವುದೆಂದು ದನ ಹೋಯಿತೋ ಎಂದು ಕೇಳುವ ಕಲಮು ಮಾತ್ರ ಆ ನಮೂನೆಯಲ್ಲಿಲ್ಲ. ಅದರಲ್ಲೂ ಹೊಲವಿಲ್ಲದೆ ಎರಡು ಆಡು, ಒಂದು ಹಸು ಕಟ್ಟಿಕೊಂಡು ಬಾಳುತ್ತಿದ್ದವರ ಪಾಡು ಹೆಚ್ಚು ಕಷ್ಟದ್ದು. ಹೊಲವಿದ್ದವನಿಗೆ ಮಾರಲು ಹೊಲವಾದರೂ ಇತ್ತು. ಗೋಮಾಳವನ್ನು ನಂಬಿದವನಿಗೆ ಮಾರುವುದಕ್ಕೇನೂ ಇರಲಿಲ್ಲ, ಪರಿಹಾರದ ಪಟ್ಟಿಯಲ್ಲಿ ಅವನ ಹೆಸರೂ ಇರಲಿಲ್ಲ.

ಸರ್ಕಾರಕ್ಕೆ ಖಾಲಿ ಜಾಗದ ಚಿಂತೆ ಇರಲಿಲ್ಲವೆಂದಲ್ಲ. 1976ರಲ್ಲಿ ನಗರ ಭೂಮಿತಿ ಕಾಯಿದೆ ಬಂತು. ಕೆಲವೇ ಜನ ನಗರದ ನೆಲವನ್ನು ಕೂಡಿಟ್ಟುಕೊಂಡು ಬೆಲೆ ಏರಿಸುವುದನ್ನು ತಡೆಯಬೇಕು, ಹೆಚ್ಚಿನದನ್ನು ಪಡೆದು ಬಡವರಿಗೆ ಮನೆ ಕಟ್ಟಿಸಬೇಕು ಎಂಬುದು ಅದರ ಆಶಯ. ಬೆಂಗಳೂರಿನಲ್ಲಿ ಒಬ್ಬರಿಗೆ 1,000 ಚದರ ಮೀಟರಿನಷ್ಟು ಖಾಲಿ ನೆಲ ಎಂದು ಮಿತಿಯಿಟ್ಟರು. ಖಾಲಿ ಎಂದರೆ ಯಾವುದು ಎಂದು ಶಾಸನವೇ ಅರ್ಥ ಹೇಳಬೇಕಾಗಿ ಬಂದದ್ದು ಬಹುಶಃ ಆಗಲೇ ಮೊದಲು. ಮುಖ್ಯವಾಗಿ ಬೇಸಾಯಕ್ಕೆ ಬಳಸುವ ನೆಲ ಖಾಲಿಯಲ್ಲ. ಕಟ್ಟಡ ಕಟ್ಟಲು ಅನುಮತಿಯಿಲ್ಲದ್ದು ಖಾಲಿಯಲ್ಲ. ಕಟ್ಟಡವಿರುವುದು, ಆ ಕಟ್ಟಡಕ್ಕೆ ಸೇರಿದ ಅಂಗಳ ಖಾಲಿಯಲ್ಲ. ಇಷ್ಟು 'ಅಲ್ಲ'ಗಳ ಸಂದಿಯಲ್ಲಿ ನೆಲವಿದ್ದವರು ನುಸುಳಿದರು. ವಿನಾಯಿತಿಗಳೂ ಧಾರಾಳವಾಗಿ ಸಿಕ್ಕವು. ಕಡೆಗೆ ಆ ಕಾಯಿದೆಯನ್ನು ಸಂಸತ್ತು 1999ರಲ್ಲಿ ರದ್ದುಮಾಡಿತು, ಕರ್ನಾಟಕವೂ ಆ ರದ್ದತಿಯನ್ನು ಒಪ್ಪಿಕೊಂಡಿತು. ಕಾಯಿದೆ ಬಡವನಿಗೆ ಕೊಟ್ಟದ್ದು ಅತ್ಯಲ್ಪ. ಖಾಲಿ ಎಂಬುದಕ್ಕೆ ಅರ್ಥ ಹೇಳುವುದು ಎಷ್ಟು ಕಷ್ಟವೆಂಬುದನ್ನಂತೂ ಅದು ತೋರಿಸಿಕೊಟ್ಟಿತು.

ಇನ್ನೊಂದು ಬಗೆಯ ಖಾಲಿತನ ಗೋಡೆಯೊಳಗಿನದು. ಬೆಂಗಳೂರು ಕೈಗಾರಿಕೆಯ ಊರೆಂದು ಹೆಸರಾದದ್ದು ತಂತ್ರಾಂಶದಿಂದಲ್ಲ, ನೂಲಿನಿಂದ. 1884ರಲ್ಲಿ ಹುಟ್ಟಿ ಆಮೇಲೆ ಬಿನ್ನಿಯವರ ಕೈಸೇರಿದ ಗಿರಣಿ ಒಂದು ಪೇಟೆಗೇ ಹೆಸರು ಕೊಟ್ಟಿತು. ಮಲ್ಲೇಶ್ವರದ ಅಂಚಿನಲ್ಲಿ ರಾಜಾ ಮಿಲ್ಲಿತ್ತು. ಸ್ವಾತಂತ್ರ್ಯದ ನಂತರ ಸಾರ್ವಜನಿಕ ರಂಗದ ದೊಡ್ಡ ಕಾರ್ಖಾನೆಗಳು ಬಂದವು; ಬೈಯಪ್ಪನಹಳ್ಳಿಯ ಎನ್‌.ಜಿ.ಇ.ಎಫ್. ಅವುಗಳಲ್ಲೊಂದು. ಬೆಳಗಿನ ಸೈರನ್ನಿಗೆ ಬೀದಿಗಳು ತುಂಬುತ್ತಿದ್ದ ಕಾಲ ಅದು. ಒಂದೊಂದಾಗಿ ಇವು ಮುಚ್ಚಿದವು. ರಾಜಾ ಮಿಲ್ಲಿನ ನೆಲದಲ್ಲಿ 2010ರಿಂದ ಮಂತ್ರಿ ಸ್ಕ್ವೇರ್ ಎಂಬ ಭಾರಿ ಮಳಿಗೆ ಸಮುಚ್ಚಯವಿದೆ. ಬಿನ್ನಿ ಮಿಲ್ಲಿನ ನೆಲದಲ್ಲಿ ಬಹುಮಹಡಿಯ ವಸತಿಗಳು ಎದ್ದಿವೆ. ಎನ್‌.ಜಿ.ಇ.ಎಫ್. 2002ರಲ್ಲಿ ಬಾಗಿಲು ಹಾಕಿದ ಮೇಲೆ ಅದರ ನೂರು ಎಕರೆಗೂ ಮಿಕ್ಕಿದ ಆವರಣದಲ್ಲಿ ಮರಗಳು ತಮ್ಮಷ್ಟಕ್ಕೆ ತಾವು ಬೆಳೆದು ಒಂದು ಕಾಡೇ ಆಯಿತು. ಈಗ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಸರ್ಕಾರದ್ದು.

ಕೆರೆಯ ಅಂಗಳವನ್ನೂ ಗಿರಣಿಯ ಆವರಣವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನನಗೆ ಒಂದು ವಿಚಿತ್ರ ಕಾಣುತ್ತದೆ. ಗಿರಣಿ ನಿಂತು ಹತ್ತಾರು ವರ್ಷಗಳಾಗಿ, ಒಳಗೆ ಒಂದು ನರಪಿಳ್ಳೆಯೂ ಇಲ್ಲದೆ ಹೋದರೂ ಸುತ್ತ ಗೋಡೆಯಿದ್ದುದರಿಂದ ಅದು ಆಸ್ತಿ. ಕೆರೆಯ ಅಂಗಳದಲ್ಲಿ ನೂರು ಜನ ದುಡಿಯುತ್ತಿದ್ದರೂ ಗೋಡೆಯಿಲ್ಲದ್ದರಿಂದ ಅದು ಖಾಲಿ. ಗಿರಣಿಯ ನೆಲಕ್ಕೆ ಬೆಲೆ ಬಂದಾಗ ಅದರ ಒಡೆಯರಿಗೂ ಸಾಲ ಕೊಟ್ಟವರಿಗೂ ಪಾಲು ಸಿಕ್ಕಿತು. ಅಲ್ಲಿ ದುಡಿದವರಿಗೆ ಸಿಕ್ಕ ಪಾಲು ಎಷ್ಟು, ಎಷ್ಟು ವರ್ಷಗಳ ಮೇಲೆ ಎಂಬುದನ್ನು ಆ ಬೀದಿಗಳ ಹಿರಿಯರೇ ಹೇಳಬೇಕು.

ಇಂದು ನಮ್ಮ ಬಡಾವಣೆಗಳಲ್ಲಿರುವ ಖಾಲಿ ನಿವೇಶನಗಳದು ಮೂರನೆಯ ಬಗೆ. ಒಡೆಯ ಬೇರೆ ಊರಿನಲ್ಲಿರುತ್ತಾನೆ, ಎಷ್ಟೋ ವೇಳೆ ಬೇರೆ ದೇಶದಲ್ಲಿ. ಕಟ್ಟುವ ಅವಸರವಿಲ್ಲ, ನೆಲ ತಾನಾಗಿ ದುಡಿಯುತ್ತಿದೆ. ಪಾರ್ಥೇನಿಯಂ ಬೆಳೆದು, ಕಸ ಬಿದ್ದು, ಹಾವು ಬರುತ್ತದೆಂದು ಅಕ್ಕಪಕ್ಕದವರು ಗೊಣಗುತ್ತಾರೆ. ಇಂಥ ನಿವೇಶನಗಳಲ್ಲಿ ನೀಲಿ ಹೊದಿಕೆಯ, ತಗಡಿನ ಗುಡಿಸಲುಗಳ ಸಾಲು ಕಾಣುವುದುಂಟು. ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯಿಂದ ಬಂದ ಕಟ್ಟಡದ ಕೆಲಸದವರು ನೆಲದ ಬಾಡಿಗೆ ಕೊಟ್ಟು ಅಲ್ಲಿರುತ್ತಾರೆ. ಪಕ್ಕದ ಮನೆ ಮುಗಿದರೆ, ಅಥವಾ ಈ ನಿವೇಶನಕ್ಕೇ ಪಾಯ ತೆಗೆದರೆ, ಗುಡಿಸಲು ಕಿತ್ತು ಮುಂದಕ್ಕೆ ನಡೆಯುತ್ತಾರೆ. ಆ ಮಕ್ಕಳು ಆಡುತ್ತಿರುವಾಗಲೂ, ಒಲೆಯ ಹೊಗೆ ಏಳುತ್ತಿರುವಾಗಲೂ ತೆರಿಗೆಯ ಪುಸ್ತಕದಲ್ಲಿ ಅದು ಖಾಲಿ ನಿವೇಶನವೇ. ಅವರ ಊರುಗಳಲ್ಲಿ ಬೀಗ ಬಿದ್ದ ಮನೆಗಳನ್ನೂ ಬೀಳುಬಿದ್ದ ಹೊಲಗಳನ್ನೂ ಇದರ ಜೊತೆಗೆ ಎಣಿಸಬೇಕಾದೀತು. ಒಂದು ಕಡೆ ದೀಪ ಆರಿದರೆ ಇನ್ನೊಂದು ಕಡೆ, ದಾಖಲೆಗೆ ಕಾಣದ ಹಾಗೆ, ಹತ್ತುತ್ತದೆ.

ಒತ್ತುವರಿಯ ಮಾತನ್ನು ಬಿಟ್ಟು ಈ ವಿಷಯವನ್ನು ಮುಗಿಸುವಂತಿಲ್ಲ. 1980ರ ದಶಕದಲ್ಲಿ ಎನ್. ಲಕ್ಷ್ಮಣರಾವ್ ಸಮಿತಿ ಕೆರೆಗಳನ್ನು ಉಳಿಸುವ ದಾರಿ ಹೇಳಿತು. 2007ರಲ್ಲಿ ಎ.ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯ ಸದನ ಸಮಿತಿ ಬೆಂಗಳೂರಿನ ಸರ್ಕಾರಿ ನೆಲದ ಕಬಳಿಕೆಯನ್ನು ಬಯಲಿಗೆಳೆಯಿತು, ವಿ. ಬಾಲಸುಬ್ರಮಣಿಯನ್ ಅವರ ವರದಿ ಅನಂತರ ಬಂತು. ಒತ್ತುವರಿಯೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕೆರೆಯಂಚಿನ ಗುಡಿಸಲು, ಇಲ್ಲವೆ ರಾಜಕಾಲುವೆಯ ಮೇಲೆದ್ದ ಮಹಡಿಮನೆ. ಆದರೆ ಬಸ್ ನಿಲ್ದಾಣ, ಕ್ರೀಡಾಂಗಣ, ದೊಮ್ಮಲೂರು ಕೆರೆಯ ನೆಲದಲ್ಲಿ ಎದ್ದಂಥ ಬಡಾವಣೆಗಳು, ಇವೆಲ್ಲ ಸರ್ಕಾರವೇ ಮಾಡಿದ್ದು. ವಿಧಿವತ್ತಾಗಿ, ಆದೇಶ ಸಂಖ್ಯೆ ಹಾಕಿ ಮಾಡಿದ್ದು. ಗುಡಿಸಲಿನವನು ಖಾಲಿ ಎಂಬ ಮಾತನ್ನು ನಂಬಿ ಬಂದವನು. ಆ ಮಾತನ್ನು ಬರೆದುಕೊಟ್ಟವರು ಬೇರೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಲ ಬಡಾವಣೆಗಳಿಗೆ ನೀರು ನುಗ್ಗಿ ಜನರನ್ನು ದೋಣಿಗಳಲ್ಲೂ ಟ್ರ್ಯಾಕ್ಟರುಗಳಲ್ಲೂ ಸಾಗಿಸಿದಾಗ ಪತ್ರಿಕೆಗಳು ಮಳೆಯನ್ನು ಬೈದವು. ನೀರು ತನ್ನ ಹಳೆಯ ಜಾಡು ಹಿಡಿದು ಇಳಿಯುತ್ತಿತ್ತು, ಅಷ್ಟೆ.

ಹಳೆಯ ಗ್ರಾಮನಕ್ಷೆಗಳು ಈಗ ಕಚೇರಿಯ ಕಪಾಟಿನಲ್ಲಷ್ಟೇ ಇಲ್ಲ; ಕಂದಾಯ ಇಲಾಖೆ ಅವನ್ನು ಅಂತರ್ಜಾಲದಲ್ಲಿಟ್ಟಿದೆ. ನಿಮ್ಮ ಬಡಾವಣೆ ಎದ್ದ ಹಳ್ಳಿಯ ಹೆಸರು ಗೊತ್ತಿದ್ದರೆ ನಕ್ಷೆ ಸಿಗುತ್ತದೆ. ಗೆರೆಗಳು ತುಸು ಮಾಸಿರುತ್ತವೆ. ಸರ್ವೆ ನಂಬರುಗಳನ್ನು ಓದಲು ಕಣ್ಣಿಗೆ ಶ್ರಮ. ಚುಕ್ಕೆ ಗೆರೆಯಾದರೆ ಓಣಿ, ಜೋಡಿ ಗೆರೆ ಡೊಂಕಾಗಿ ಓಡಿದರೆ ಹಳ್ಳ. ಮರದ ಗುರುತಿದ್ದರೆ ತೋಪು. ಅದರ ಮೇಲೆ ನಿಮ್ಮ ಬೀದಿಯನ್ನೂ ನಿಮ್ಮ ಮನೆಯನ್ನೂ ಪೆನ್ಸಿಲಿನಿಂದ ಗುರುತಿಸಿ ನೋಡಿ. ಅಡಿಗೆಮನೆ ಯಾವ ನಂಬರಿನಲ್ಲಿ ಬಿತ್ತು, ಹಿತ್ತಿಲು ಯಾವುದರಲ್ಲಿ, ಆ ನಂಬರಿನ ಎದುರು ಆಗ ಏನೆಂದು ಬರೆದಿದ್ದರು ಎಂಬುದು ಒಂದು ಸಂಜೆಯ ಕೆಲಸ.